ಎಡ ರೆಕ್ಕೆಯ ಎರಡು, ಬಲ ರೆಕ್ಕೆಯ ಒಂದು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರನ್ನು ಕೆಡಿಸಿದವನು ನಾನೇ, ಎರಡನೆಯ ಸಲ ಅದರ ತಂಟೆಗೆ ಹೋಗುವುದು ಬೇಡ. ಪುಂಜಾಲಕಟ್ಟೆ ಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದವರು ಎಂದರೆ ಆ ಕಾಲದವರಿಗೆ ಗೊತ್ತಾಗುತ್ತದೆ. ಉಳಿದವರಿಗೆ ಇಷ್ಟು ಹೇಳಬಹುದು: ಸಪುರ ಮೈ, ಉದ್ದ ಕೈ, ಗ್ರೀಸ್ ಹತ್ತಿ ಕಪ್ಪಾದ ಉಗುರು, ಮತ್ತು ಬೇರೆ ಗಂಡಸರು ಬೀಡಿ ಸಿಕ್ಕಿಸಿಕೊಳ್ಳುವ ಕಿವಿಯ ಸಂದಿನಲ್ಲಿ ಯಾವಾಗಲೂ ಒಂದು ಹಕ್ಕಿಯ ಗರಿ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಿದ್ದರು. ಹತ್ತು ವರ್ಷದ ಪರಿಚಯದಲ್ಲಿ ಈ ಮಾಷ್ಟ್ರು ಅವರಿಗೆ ಕಲಿಸಿದ್ದು ಏನೂ ಇಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬೆಳುವಾಯಿಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಆ ಕಡೆಯ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಬಂದೆ. ವಯಸ್ಸು ಇಪ್ಪತ್ತಾರು. ತಲೆಯ ಮೇಲೆ ಎಣ್ಣೆ, ನಾಲಿಗೆಯ ಮೇಲೆ ಸಂಸ್ಕೃತ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಮನೆಯಲ್ಲಿದ್ದ ಆಯುಧಗಳೆಂದರೆ ಅಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಮತ್ತು ಅಪ್ಪನ ಅಡಕೆ ಕತ್ತರಿ, ಎರಡೇ. ಅಂಥ ವಂಶದಲ್ಲಿ ಹುಟ್ಟಿದ ನನಗೆ ತಾಳಮದ್ದಳೆಯ ಹುಚ್ಚು. ವೇಷ ಕಟ್ಟಬೇಕಾಗಿಲ್ಲ, ಕುಣಿಯಬೇಕಾಗಿಲ್ಲ, ಚಾಪೆಯ ಮೇಲೆ ಕುಳಿತು ಬಾಯಿಯಿಂದಲೇ ಯುದ್ಧ ಗೆಲ್ಲಬಹುದಾದ ಆ ಕಲೆ ನನಗಾಗಿಯೇ ಹುಟ್ಟಿದ್ದು ಎಂದು ನಂಬಿಕೊಂಡಿದ್ದೆ. ಅದರಲ್ಲೂ ಬಿಲ್ಲುಗಾರ ವೀರರ ಪಾತ್ರ ವಹಿಸಿ ಅರ್ಥ ಹೇಳುವುದೆಂದರೆ ನನಗೆ ಹೋಳಿಗೆ ಊಟ.

ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಹಾಲ್‌ನಲ್ಲಿ ತಾಳಮದ್ದಳೆ ಇತ್ತು. ತಪಸ್ಸಿಗೆ ಕುಳಿತ ವೀರನೊಬ್ಬನೂ ಬೇಡನ ವೇಷದಲ್ಲಿ ಬಂದ ದೇವರೂ ಒಂದೇ ಹಂದಿಗೆ ಬಾಣ ಬಿಟ್ಟು, ಕೊಂದದ್ದು ನನ್ನ ಬಾಣ, ಇಲ್ಲ ನನ್ನ ಬಾಣ ಎಂದು ಜಗಳ ಮಾಡುವ ಪ್ರಸಂಗ. ನನ್ನದು ವೀರನ ಪಾತ್ರ. ಬಾಣವೊಂದರ ಬಗ್ಗೆಯೇ ನಲವತ್ತು ನಿಮಿಷ ಮಾತಾಡಿದೆ. ಅದರ ಮೊನೆ, ಅದರ ದಂಡ, ಅದಕ್ಕೆ ಕಟ್ಟಿದ ಹದ್ದಿನ ಗರಿ, ಆ ಗರಿಯ ಶಬ್ದಕ್ಕೆ ನಡುಗುವ ಮೂರು ಲೋಕ, ಒಂದನ್ನೂ ಬಿಡಲಿಲ್ಲ. ಎದುರು ಕುಳಿತ ಬೇಡನ ಪಾತ್ರಧಾರಿ ಎರಡು ಸಲ ಆಕಳಿಸಿದರು. ಅದನ್ನು ನಾನು ಅವರ ಸೋಲೆಂದು ಲೆಕ್ಕ ಹಿಡಿದೆ.

ಮುಗಿದ ಮೇಲೆ ಚಾ ಕುಡಿಯುತ್ತ ನಿಂತಿದ್ದಾಗ ಕಿವಿಯಲ್ಲಿ ಗರಿ ಸಿಕ್ಕಿಸಿಕೊಂಡ ಒಬ್ಬರು ಹತ್ತಿರ ಬಂದರು.

"ಒಳ್ಳೆ ಮಾತಾಡಿದ್ರಿ ಮಾಷ್ಟ್ರೇ. ಒಂದು ಸಣ್ಣ ಸಂಶಯ ಉಂಟು."

"ಕೇಳಿ, ಕೇಳಿ," ಎಂದೆ. ಸಂಶಯ ನಿವಾರಣೆ ನನ್ನ ಹುಟ್ಟುಗುಣ.

"ನಿಮ್ಮ ಬಾಣಕ್ಕೆ ಹದ್ದಿನ ಗರಿ ಅಂತ ಹೇಳಿದ್ರಲ್ಲ, ಅದು ಎಡ ರೆಕ್ಕೆಯದ್ದೋ ಬಲ ರೆಕ್ಕೆಯದ್ದೋ?"

ನನ್ನ ಓದಿನಲ್ಲಿ ಇದು ಎಲ್ಲೂ ಬಂದಿರಲಿಲ್ಲ. ಗೊತ್ತಿಲ್ಲ ಎನ್ನುವ ಮಾತನ್ನು ನನಗೆ ಯಾರೂ ಕಲಿಸಿರಲಿಲ್ಲ. "ಎರಡೂ ಉಂಟು," ಎಂದೆ. "ಎಡದ್ದೂ ಉಂಟು, ಬಲದ್ದೂ ಉಂಟು. ಸಮತೋಲ ಬೇಕಲ್ಲ!"

ಅವರು ಬಹಳ ಮರ್ಯಾದೆಯಿಂದ ತಲೆಯಾಡಿಸಿದರು. "ಹಾಗಾದ್ರೆ ಹಂದಿ ಸಾಯ್ಲೇ ಇಲ್ಲ ಮಾಷ್ಟ್ರೇ. ನೀವಿಬ್ರು ಜಗಳ ಮಾಡಿದ್ದು ಸುಮ್ಮನೆ."

ಸುತ್ತ ನಿಂತವರು ನಕ್ಕದ್ದು ಹೇಗೆಂದರೆ ಡ್ರಿಲ್ ಮಾಷ್ಟ್ರ ಲೋಟದ ಚಾ ಅವರ ಬಿಳಿ ಅಂಗಿಯ ಮೇಲೆ ಬಿತ್ತು. ಒಂದು ವಾರ ಸ್ಟಾಫ್ ರೂಮಿನಲ್ಲಿ ಯಾರು ಎದುರಾದರೂ "ಎಡವೋ ಬಲವೋ" ಎಂದೇ ಕೇಳುತ್ತಿದ್ದರು. ಎಂಟನೆಯ ದಿನ ನಾನು ಸೈಕಲ್ ಶಾಪಿಗೆ ಹೋದೆ. ಅವರ ತಪ್ಪು ತಿಳಿವಳಿಕೆಯನ್ನು ತಿದ್ದಿ ಬರುವುದು ನನ್ನ ಉದ್ದೇಶವಾಗಿತ್ತು.

ಅವರು ಒಂದು ಚಕ್ರದ ಬೆಂಡ್ ತೆಗೆಯುತ್ತಿದ್ದರು. ಚಕ್ರ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಯಾವುದೋ ಒಂದು ಕಡ್ಡಿಯನ್ನು ಕೂದಲೆಳೆಯಷ್ಟು ಬಿಗಿ ಮಾಡಿ, ಮತ್ತೆ ತಿರುಗಿಸುವುದು. ನಾನು ಹಿಂದಿನ ರಾತ್ರಿ ಬಾಯಿಪಾಠ ಮಾಡಿ ತಂದಿದ್ದ ವಾದವನ್ನೆಲ್ಲ ಹೇಳಿ ಮುಗಿಸುವವರೆಗೂ ಅವರು ತಲೆ ಎತ್ತಲಿಲ್ಲ. ಆಮೇಲೆ ಕೈ ಒರೆಸಿಕೊಂಡು ಒಳಗಿನಿಂದ ಬಿಸ್ಕತ್ತಿನ ಎರಡು ಡಬ್ಬ ತಂದರು. ಒಂದರಲ್ಲಿ ಎಡ ರೆಕ್ಕೆಯ ಗರಿಗಳು, ಇನ್ನೊಂದರಲ್ಲಿ ಬಲ ರೆಕ್ಕೆಯವು. ಎರಡರಿಂದಲೂ ಒಂದೊಂದು ತೆಗೆದು ನನ್ನ ಎರಡು ಅಂಗೈಯಲ್ಲಿ ಇಟ್ಟರು.

"ಬಾಗಿದ್ದು ನೋಡಿ. ಇದು ಈಚೆ ಬಾಗ್ತದೆ, ಅದು ಆಚೆ ಬಾಗ್ತದೆ. ಒಂದೇ ಕಡೆಯ ಮೂರು ಗರಿ ಕಟ್ಟಿದ್ರೆ ಬಾಣ ತಿರುಗಿಕೊಂಡು ನೆಟ್ಟಗೆ ಹೋಗ್ತದೆ. ಬೆರೆಸಿದ್ರೆ ಅವಕ್ಕೆ ಜಗಳ. ಕಂಬಳದಲ್ಲಿ ಒಂದು ಕೋಣ ಈಚೆ ಎಳೆದು ಒಂದು ಆಚೆ ಎಳೆದ್ರೆ ಓಡಿಸುವವ ಎಲ್ಲಿ ಬೀಳ್ತಾನೆ?"

"ಕೆಸರಿನಲ್ಲಿ," ಎಂದೆ.

"ಹಾಂ, ನಿಮ್ಮ ವೀರ ಬಿದ್ದದ್ದು ಅಲ್ಲಿಗೇ," ಎಂದರು.

ತಿದ್ದಲು ಹೋದವನು ಶಿಷ್ಯನಾಗಿ ಬಂದೆ. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಶಾಪಿನ ಮರದ ಪೆಟ್ಟಿಗೆಯ ಮೇಲೆ ಕುಳಿತುಕೊಳ್ಳುವುದು ಅಭ್ಯಾಸವಾಯಿತು. ಒಮ್ಮೆ ನನ್ನ ಮೇಜಿನ ಮೇಲೆ ಅಲಂಕಾರಕ್ಕೆ ಇಟ್ಟಿದ್ದ ನವಿಲುಗರಿಗಳನ್ನು, ಕಣ್ಣು ಕಣ್ಣಿನ ಚಿತ್ತಾರದವನ್ನು, ದಾನಶೂರನ ಗತ್ತಿನಲ್ಲಿ ತಂದು ಕೊಟ್ಟೆ. ಅವರು ಅದನ್ನು ಗಾಳಿಯಲ್ಲಿ ಆಡಿಸಿ ನೋಡಿದರು. "ಚಂದ ಉಂಟು. ಪುಸ್ತಕದೊಳಗೆ ಇಡಿ. ಬಾಣಕ್ಕೆ ನವಿಲಿನದ್ದೇ ಬೇಕಾದ್ರೆ ಇದಲ್ಲ, ರೆಕ್ಕೆಯಲ್ಲಿ ಕಂದು ಬಣ್ಣದ್ದು ಇರ್ತದಲ್ಲ, ಯಾರೂ ತಿರುಗಿ ನೋಡದ್ದು, ಅದು," ಎಂದರು. ಇನ್ನೊಮ್ಮೆ ಕೋಳಿಯ ಗರಿ ಆಗುವುದಿಲ್ಲವೇ ಎಂದು ಕೇಳಿದೆ. "ಕಿವಿ ತುರಿಸ್ಲಿಕ್ಕೆ ಆಗ್ತದೆ," ಎಂದರು.

ಬೇಟೆಗೆ ಹೋಗುತ್ತಿದ್ದ ಅವರಿಗೆ ಬಾಣದ ಗರಿ ಬರುತ್ತಿದ್ದ ದಾರಿಗಳು ಎರಡು. ತೋಡಾರಿನ ಕಡೆ ಕ್ರಿಸ್ತಿಯನರ ಮನೆಯೊಂದರಲ್ಲಿ ಟರ್ಕಿ ಕೋಳಿ ಸಾಕುತ್ತಿದ್ದರು. ಕ್ರಿಸ್‌ಮಸ್ ಕಳೆದ ಮೇಲೆ ಅಲ್ಲಿಗೆ ಸೈಕಲ್ಲಿನಲ್ಲೇ ಹೋಗಿ, ಅವರ ಮನೆಯ ಸೈಕಲ್ಲು ರಿಪೇರಿ ಮಾಡಿಕೊಟ್ಟು, ಬದಲಿಗೆ ರೆಕ್ಕೆಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ಎಲ್ಲಕ್ಕಿಂತ ಮೇಲು ರಣಹದ್ದಿನದ್ದು. ಆಗ ರಣಹದ್ದುಗಳು ಬೇಕಾದಷ್ಟಿದ್ದವು. ಸತ್ತ ದನ ಹಾಕುವ ಗುಡ್ಡೆಯ ಮೇಲೆ ಅವು ಉದುರಿಸಿದ ಗರಿಗಳನ್ನು ಹುಡುಕುತ್ತಿದ್ದರು. ಮೂಗು ಮುಚ್ಚಿಕೊಂಡು ನಾನೂ ಒಂದು ದಿನ ಹೋದೆ. ಬಹಳ ಉದ್ದದ, ಹೊಳೆಯುವ ಒಂದು ಗರಿ ಸಿಕ್ಕಿತೆಂದು ಕುಣಿದೆ. ಅವರು ಅದನ್ನು ಬಿಸಿಲಿಗೆ ಹಿಡಿದರು. ಗರಿಯ ಅಡ್ಡಕ್ಕೆ ಕೂದಲಿನಷ್ಟು ತೆಳ್ಳಗಿನ ಒಂದು ಗೆರೆ ಇತ್ತು.

"ಇದು ಹಸಿವಿನ ಗೆರೆ ಮಾಷ್ಟ್ರೇ. ಗರಿ ಬೆಳೆಯುವಾಗ ಹಕ್ಕಿಗೆ ಎರಡು ದಿನ ಹೊಟ್ಟೆಗೆ ಸಿಗ್ಲಿಲ್ಲ. ನೋಡ್ಲಿಕ್ಕೆ ಎಷ್ಟು ಚಂದ ಇದ್ರೂ ಇಲ್ಲೇ ತುಂಡಾಗ್ತದೆ."

ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದೆ. ಹಂದಿಗೆ ತಾಗಿದರೆ ಸಾಲದೇ? ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆಗ ಮಾತ್ರ. "ಹಂದಿ ನಮ್ಮ ಗೆಣಸು ತಿಂತದೆ, ಸರಿ. ಅದಕ್ಕೆ ಮೂರು ದಿನ ನರಳುವ ಶಿಕ್ಷೆ ಕೊಡ್ಲಿಕ್ಕೆ ನಾವು ಯಾರು? ಬೀಳುದಾದ್ರೆ ಒಂದೇ ಪೆಟ್ಟಿಗೆ ಬೀಳ್ಬೇಕು. ಇಲ್ದಿದ್ರೆ ತಾಗ್ಲೇಬಾರ್ದು," ಎಂದರು. ಅವರ ಬೇಟೆಯ ಕೂಟದಲ್ಲಿ ಅದಕ್ಕೊಂದು ಕಟ್ಟಳೆಯೂ ಇತ್ತು. ಯಾರ ಬಾಣದಿಂದ ಪ್ರಾಣಿ ಗಾಯಗೊಂಡು ಓಡುತ್ತದೋ ಅವನು ಎಷ್ಟು ದಿನವಾದರೂ ಅದರ ಹಿಂದೆ ಹೋಗಿ ಅದರ ನೋವು ಮುಗಿಸಿ ಬರಬೇಕು. ಬಂದ ಮೇಲೆ ತನ್ನ ಬಿಲ್ಲನ್ನು ಕೂಟದ ಯಜಮಾನರ ಚಾವಡಿಯಲ್ಲಿ ಒಪ್ಪಿಸಬೇಕು. ಆ ಬಿಲ್ಲು ಮತ್ತೆ ಕಾಡಿಗೆ ಬರುವಂತಿಲ್ಲ.

ಬೇಟೆಗೆ ಕಾನೂನಿನ ತಡೆ ಬಂದಾಗಿತ್ತು. ಆದರೂ ಊರಿನವರು ಕೆಡ್ಡಸಕ್ಕೆ ಒಂದು ಸಲ ಕದ್ದು ಹೋಗುವುದನ್ನು ಬಿಟ್ಟಿರಲಿಲ್ಲ. ಕೆಡ್ಡಸವೆಂದರೆ ಭೂಮಿ ತಾಯಿ ಮುಟ್ಟಾಗಿ ವಿಶ್ರಾಂತಿ ಪಡೆಯುವ ಮೂರು ದಿನ. ಆ ಮೂರು ದಿನ ಯಾರೂ ಗದ್ದೆ ಉಳುವುದಿಲ್ಲ, ನೆಲ ಅಗೆಯುವುದಿಲ್ಲ. ಹೆಂಗಸರು ಅಂಗಳದಲ್ಲಿ ಅವಳಿಗೆ ಎಣ್ಣೆ, ಅರಸಿನ, ಸೀಗೆ ಇಡುತ್ತಾರೆ. ಕೆಲಸವಿಲ್ಲದ ಗಂಡಸರು ಬೋಂಟೆಗೆ, ಅಂದರೆ ಬೇಟೆಗೆ, ಹೊರಡುತ್ತಾರೆ. ನನಗೂ ಬೋಂಟೆಗೆ ಹೋಗಬೇಕು ಎನಿಸಿತು. ಹಂದಿಯ ಮೇಲೆ ನನಗೇನೂ ದ್ವೇಷವಿರಲಿಲ್ಲ. ಮುಂದಿನ ತಾಳಮದ್ದಳೆಯಲ್ಲಿ "ನಾನು ಕಣ್ಣಾರೆ ಕಂಡಿದ್ದೇನೆ" ಎಂದು ಒಂದು ವಾಕ್ಯ ಹೇಳುವ ಆಸೆ, ಅಷ್ಟೇ.

ಆರು ತಿಂಗಳು ಅವರ ಮನೆಯ ಹಿಂದೆ ಬೈಹುಲ್ಲಿನ ಕಟ್ಟಿಗೆ ಗುರಿ ಹಿಡಿದು ಅಭ್ಯಾಸ ಮಾಡಿದೆ. ಅವರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಅಷ್ಟು ದಿನವೂ ಕೋಳಿಗಳನ್ನು ಒಳಗೆ ಕೂಡಿಹಾಕುತ್ತಿದ್ದರು. ಒಂದು ಸಂಜೆ ನನ್ನ ಬಾಣ ಅವರು ಒಣಹಾಕಿದ ಸೀರೆಯನ್ನು ತೂರಿ ಹೋಯಿತು. ಅಕ್ಕ ಸೀರೆಯ ತೂತಿನೊಳಗಿಂದ ನನ್ನನ್ನು ನೋಡಿದರು.

"ಮಾಷ್ಟ್ರೇ, ಹಂದಿ ಸೀರೆ ಉಡುದಿಲ್ಲ."

ಬರಬರುತ್ತ ಹತ್ತರಲ್ಲಿ ಆರು ಬಾಣ ಹುಲ್ಲಿಗೆ ತಾಗತೊಡಗಿದವು. ಕೆಡ್ಡಸ ಹತ್ತಿರ ಬಂದಾಗ ಅವರು ನನಗೆ ಒಂದು ಸಪುರ ಬಿದಿರಿನ ದಂಡ, ಮೊನೆ, ಸ್ವಲ್ಪ ಹಲಸಿನ ಮೇಣ ಮತ್ತು ಆರು ಗರಿ ಕೊಟ್ಟರು. ಕೆಂಪು ನೂಲಿನಲ್ಲಿ ಕಟ್ಟಿದ ಮೂರು ಎಡದ್ದು, ಕಪ್ಪು ನೂಲಿನ ಮೂರು ಬಲದ್ದು. "ಒಂದು ಕಟ್ಟು ಬಿಚ್ಚಿ, ಬಾಣ ನೀವೇ ಕಟ್ಟಿ. ಇನ್ನೊಂದು ಕಟ್ಟು ಹಾಳಾದ್ರೆ ಇರ್ಲಿ ಅಂತ ಕೊಟ್ಟದ್ದು. ಬೋಂಟೆಯಲ್ಲಿ ಬಾಣ ಕೈಯಲ್ಲಿ ಹಿಡ್ಕೊಳ್ಳಿ, ಬಿಡ್ಲಿಕ್ಕೆ ಅಲ್ಲ. ನೋಡಿದ್ರೆ ಸಾಕು," ಎಂದರು.

ಶನಿವಾರ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಕೆಂಪು ನೂಲು ಬಿಚ್ಚಿದೆ. ಎರಡು ಗರಿ ಚೆನ್ನಾಗಿದ್ದವು. ಮೂರನೆಯದು ಮಾಸಲು, ಹಳೇ ಛತ್ರಿಯ ಬಟ್ಟೆಯ ಬಣ್ಣ. ಕುತೂಹಲಕ್ಕೆ ಕಪ್ಪು ನೂಲಿನ ಕಟ್ಟನ್ನೂ ಬಿಚ್ಚಿದೆ. ಅದರಲ್ಲೊಂದು ಗರಿಗೆ ಅಂಚಿನುದ್ದಕ್ಕೂ ಬಿಳಿ ಪಟ್ಟಿ! ಎರಡು ಕಂದು, ನಡುವೆ ಒಂದು ಬಿಳಿ ಪಟ್ಟಿಯದ್ದು: ಏನು ಶೋಭೆ ಅಂತೀರಿ. ಆರು ತಿಂಗಳು ಕಲಿತ ಪಾಠ ನನಗೆ ನೆನಪಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನೆನಪಿತ್ತು. ಒಂದು ಗರಿ ಬೆರೆತರೆ ಏನು ಮಹಾ, ಬಾಣ ಬಿಡುವುದಂತೂ ಇಲ್ಲವಲ್ಲ ಎಂದು ನನಗೆ ನಾನೇ ಅರ್ಥ ಹೇಳಿಕೊಂಡೆ. ಅರ್ಥ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ.

ಬೋಂಟೆಯ ಬೆಳಿಗ್ಗೆ ಅವರು ಬಾಣ ತೋರಿಸಿ ಎಂದರು. ನಾನು ಅದರ ಹಿಂಭಾಗವನ್ನು ಹೆಗಲ ಬೈರಾಸಿನಲ್ಲಿ ಸುತ್ತಿಟ್ಟುಕೊಂಡು, "ಕಾಡಿನಲ್ಲಿ ತೋರಿಸ್ತೇನೆ ಅಣ್ಣ, ನೋಡಿ ದಂಗಾಗಿ ಹೋಗ್ತೀರಿ," ಎಂದೆ. ಹತ್ತು ಹನ್ನೆರಡು ಜನ ಇದ್ದರು. ಮುಂದೆ ಯಜಮಾನರು, ದೊಡ್ಡ ಮೀಸೆಯ, ಸಣ್ಣ ಮಾತಿನ ಮನುಷ್ಯ. ನನ್ನನ್ನು ಅಣ್ಣನ ಪಕ್ಕದ ಪೊದೆಯ ಹಿಂದೆ ನಿಲ್ಲಿಸಿದರು. ಅಣ್ಣನ ಕೈಯಲ್ಲಿ ಅವರ ಅಪ್ಪನ ಕಾಲದ ಬಿಲ್ಲು, ನನ್ನ ಕೈಯಲ್ಲಿ ಅವರೇ ಕೊಟ್ಟ ಎರವಲು ಬಿಲ್ಲು. ಆಚೆಯಿಂದ ಡಬ್ಬ ಬಡಿಯುವ ಸದ್ದು ಬಂತು. ಅದರ ಹಿಂದೆಯೇ ಹಂದಿ ಬಂತು.

ಕಪ್ಪಗೆ, ಸಣ್ಣ ಕಣ್ಣಿನ, ಅವಸರದಲ್ಲಿದ್ದ ಪ್ರಾಣಿ. ಅಣ್ಣ ಇನ್ನೂ ಹೆದೆ ಎಳೆದಿರಲಿಲ್ಲ. ಅದು ತನ್ನ ಪಕ್ಕೆ ತೋರಿಸಲಿ ಎಂದು ಕಾಯುತ್ತಿದ್ದರು. ನನ್ನ ಕೈ ಮಾತ್ರ ಕಾಯಲಿಲ್ಲ. ನಲವತ್ತು ನಿಮಿಷ ವರ್ಣಿಸಿದ್ದೆನಲ್ಲ, ಆ ವೀರ ನನ್ನೊಳಗೆ ಎದ್ದು ನಿಂತುಬಿಟ್ಟ. ಬಾಣ ಹೊರಟಿತು, ಮತ್ತು ಹೊರಟ ಕೂಡಲೇ ಬಾಲ ಅಲ್ಲಾಡಿಸತೊಡಗಿತು. ಎದೆಗೆ ಹೋಗಬೇಕಾದದ್ದು ಓರೆಯಾಗಿ ತಿರುಗಿ ಹಿಂದಿನ ತೊಡೆಯಲ್ಲಿ ನೆಟ್ಟಿತು. ಹಂದಿ ಕೂಗಿತು. ಆ ಕೂಗನ್ನು ನಾನು ಇಲ್ಲಿ ಬರೆಯಲಾರೆ. ಬಾಣವನ್ನು ಹೊತ್ತುಕೊಂಡೇ ಅದು ಕಾಡಿಗೆ ನುಗ್ಗಿತು.

ಅಣ್ಣ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಮನೆಗೆ ಹೋಗಿ ಮಾಷ್ಟ್ರೇ. ನಾಳೆ ಶಾಲೆ ಉಂಟಲ್ಲ," ಎಂದಷ್ಟೇ ಹೇಳಿ ಹಂದಿ ಹೋದ ದಾರಿ ಹಿಡಿದರು. ಬಾಣ ಬಿಟ್ಟವನು ಹೋಗಬೇಕಾದ ದಾರಿ ಅದು. ನಾನು ಹೋಗಲಿಲ್ಲ, ಮನೆಗೆ ಹೋದೆ. ಮಾರನೆಯ ದಿನ ಒಂಬತ್ತನೇ ಕ್ಲಾಸಿನಲ್ಲಿ ಕರ್ಮಣಿ ಪ್ರಯೋಗದ ಪಾಠವಿತ್ತು. "ಬಾಣವು ಬಿಡಲ್ಪಟ್ಟಿತು" ಎಂದು ಬೋರ್ಡಿನಲ್ಲಿ ಉದಾಹರಣೆ ಬರೆದೆ. ಬಿಟ್ಟವನ ಹೆಸರು ಹೇಳದೆಯೂ ಪೂರ್ಣವಾಗುವ ವಾಕ್ಯ ಅದು. ನನಗೆ ಬಹಳ ಅನುಕೂಲದ ವ್ಯಾಕರಣ.

ಅವರು ಬಂದದ್ದು ಮೂರನೆಯ ದಿನ ಸಂಜೆ. ಸಾಯುವ ಮೊದಲು ಹಂದಿ ಅವರ ಕಾಲಿನ ಮೀನಖಂಡ ಸೀಳಿತ್ತು. ಯಜಮಾನರ ಅಂಗಳದಲ್ಲಿ ಎಲ್ಲರೂ ಸೇರಿದ್ದರು, ನಾನೂ ಇದ್ದೆ. ಯಜಮಾನರು ಆ ಬಾಣವನ್ನು ಕೈಯಲ್ಲಿ ಹಿಡಿದು ಗರಿಗಳನ್ನು ಒಂದೊಂದಾಗಿ ನೋಡಿದರು.

"ಇದು ಯಾರದ್ದು?"

ನಾನು ಬಾಯಿ ತೆರೆದೆ. ಮೊಟ್ಟೆ ತಿನ್ನದ ಮನೆ, ಬೆಳುವಾಯಿಯ ಅಪ್ಪ, ಹೆಡ್‌ಮಾಷ್ಟ್ರು, ಫಾರೆಸ್ಟಿನವರು, ಸ್ಟಾಫ್ ರೂಮಿನ ಡ್ರಿಲ್ ಮಾಷ್ಟ್ರು, ಇಷ್ಟೂ ಜನ ಒಟ್ಟಿಗೆ ಬಂದು ನನ್ನ ಗಂಟಲಲ್ಲಿ ಕುಳಿತರು. ಆ ಬಾಣ ನನ್ನದು ಎಂದರೆ ಮೂರು ಶಬ್ದ. ಮೂರು ಶಬ್ದ ನನಗೆ ಬರಲಿಲ್ಲ.

"ನಂದು," ಎಂದರು ಅಣ್ಣ.

ಯಜಮಾನರು ಬಾಣವನ್ನು ನೋಡಿದರು, ಅವರನ್ನು ನೋಡಿದರು, ನನ್ನನ್ನೂ ನೋಡಿದರು. "ನಿಮ್ಮದಾ?"

"ಗರಿ ನಾನು ಕೊಟ್ಟದ್ದು. ನಂದಲ್ಲದೆ ಮತ್ತೆ ಯಾರದ್ದು?" ಎಂದು ಅವರು ಕುಂಟುತ್ತ ಹೋಗಿ ಅಪ್ಪನ ಬಿಲ್ಲನ್ನು ಚಾವಡಿಯ ಜಗಲಿಯ ಮೇಲೆ ಇಟ್ಟರು. ಯಜಮಾನರು ಅದನ್ನು ತೊಲೆಗೆ ತೂಗುಹಾಕಿಸಿದರು. ಬೇಟೆಯ ಕೂಟದಲ್ಲಿ ಎಲ್ಲರ ಬಾಣಕ್ಕೂ ಗರಿ ಆರಿಸಿ ಕೊಡುತ್ತಿದ್ದ ಮನುಷ್ಯ ಅವರು. ಗರಿ ತಪ್ಪಿ ಹಂದಿಯನ್ನು ನರಳಿಸಿದ ಎಂಬ ಹೆಸರು ಅವರಿಗೇ ಬಂತು.

ನಾನೇನು ಮಾಡಿದೆ? ಹದಿನೈದು ದಿನ ಸೈಕಲ್ ಶಾಪಿನ ದಾರಿ ಬಿಟ್ಟು ಗದ್ದೆಯ ಅಂಚಿನಲ್ಲಿ ಸುತ್ತಿ ಶಾಲೆಗೆ ಹೋದೆ. ಆಮೇಲೆ ಧೈರ್ಯ ಮಾಡಿ ಹೋದರೆ ಅವರು, "ಎಂತ ಮಾಷ್ಟ್ರೇ, ಜ್ವರವಾ?" ಎಂದು ಕೇಳಿ ಎಂದಿನ ಪೆಟ್ಟಿಗೆಯನ್ನು ಕುಳಿತುಕೊಳ್ಳಲು ಸರಿಸಿಕೊಟ್ಟರು. ಆ ವಿಷಯ ಎತ್ತಲಿಲ್ಲ. ಅದೇ ವರ್ಷ ಮತ್ತೊಂದು ತಾಳಮದ್ದಳೆಗೆ ಕರೆ ಬಂತು, ಪುನಃ ಬಿಲ್ಲುಗಾರನ ಪಾತ್ರ. ಒಪ್ಪಿದೆನೋ? ಒಪ್ಪಿದೆ, ಸ್ವಾಮಿ! ಹಿಂದಿನ ಸಾಲಿನಲ್ಲಿ ಅವರು ಗಾಯದ ಕಾಲು ನೀಡಿ ಕುಳಿತಿದ್ದರು. ನಾನು ಗರಿಯ ಭಾಗಕ್ಕೆ ಬಂದಾಗ ಕೆಮ್ಮು ಬಂದಂತೆ ನಟಿಸಿ ಮುಂದಿನ ಪದ್ಯಕ್ಕೆ ಹಾರಿದೆ. ಈ ಸಲ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಆಮೇಲೆ ನಾನು ಬಿಲ್ಲು ಹಿಡಿಯದ ಪಾತ್ರಗಳನ್ನೇ ಕೇಳಿ ಪಡೆದೆ: ಮುನಿ, ಮಂತ್ರಿ, ದೂತ. ಪಂಡಿತರು ಪಕ್ವವಾಗಿದ್ದಾರೆ ಎಂದು ಜನ ಮೆಚ್ಚಿದರು.

ಪ್ರತಿ ಕೆಡ್ಡಸಕ್ಕೂ ಬೋಂಟೆಯವರು ಅಣ್ಣನ ಶಾಪಿನ ಎದುರಿನಿಂದಲೇ ಹೋಗುತ್ತಿದ್ದರು. ಅವರ ಬೆನ್ನಿನ ಬಾಣಗಳಿಗೆಲ್ಲ ಇವರೇ ಆರಿಸಿದ ಗರಿ. ಇವರು ಚಕ್ರದ ಬೆಂಡ್ ನೋಡುತ್ತಾ ಕುಳಿತಿರುತ್ತಿದ್ದರು. ನಾನು ಯಜಮಾನರ ಎದುರು ಬಾಯಿ ಬಿಟ್ಟರೆ ಆ ಬಿಲ್ಲು ತೊಲೆಯಿಂದ ಇಳಿಯುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರನೆಯ ವರ್ಷ, ಇವತ್ತು ಮೊದಲು ಅವರಲ್ಲಿ ಕ್ಷಮೆ ಕೇಳಿ ಅಲ್ಲಿಂದ ನೇರ ಚಾವಡಿಗೆ ಹೋಗುವುದೇ ಸೈ ಎಂದು ಹೊರಟೆ. ಶಾಪಿಗೆ ಹೋಗಿ ನಿಂತೆ. ಅವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು.

"ಹೇಳಿ ಮಾಷ್ಟ್ರೇ."

"ಸೈಕಲ್ಲಿಗೆ ಸ್ವಲ್ಪ ಗಾಳಿ ಹಾಕ್ಬೇಕಿತ್ತು," ಎಂದೆ.

ಅವರು ನನ್ನ ಹಿಂದೆ, ಮುಂದೆ, ರಸ್ತೆಯ ಆಚೆ ಬದಿ, ಎಲ್ಲ ನೋಡಿದರು. "ನೀವು ಸೈಕಲ್ ತರ್ಲಿಲ್ಲ ಮಾರಾಯ್ರೆ," ಎಂದರು, ಬಹಳ ಮೆತ್ತಗೆ.

ಮುಂದೆ ನನಗೆ ಮೂಡಬಿದ್ರೆಯಲ್ಲಿ ಕೆಲಸವಾಯಿತು. ಹೊರಟ ದಿನ ಅವರು ಬಸ್ಸಿನ ಹತ್ತಿರ ಬಂದು ಕಿಟಕಿಯಲ್ಲಿ ಒಂದು ಸಣ್ಣ ಪೊಟ್ಟಣ ಕೊಟ್ಟರು. ಒಳಗೆ ಕೆಂಪು ನೂಲಿನಲ್ಲಿ ಕಟ್ಟಿದ ಮೂರು ಗರಿ. "ಮೂರೂ ಎಡದ್ದೇ," ಎಂದರು. ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತೇ ಇದ್ದರು. ಕಂಡಕ್ಟರ್ ಎರಡು ಸಲ ಶಿಳ್ಳೆ ಹಾಕಿದ. ಆಗಲೂ ನಾನು ಹೇಳಿದ್ದು, "ಬರ್ತೇನೆ ಅಣ್ಣ, ಆರೋಗ್ಯ ನೋಡ್ಕೊಳ್ಳಿ," ಎಂದು ಮಾತ್ರ.

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಎಂಬತ್ತರ ದಶಕದ ನಡುವಿನಲ್ಲಿ, ಒಂದು ಕಾರ್ಡಿನಲ್ಲಿ. ಅದು ತಲುಪುವಾಗ ದಹನ ಮುಗಿದಿತ್ತು. ಹದಿಮೂರನೆಯ ದಿನದ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಎರಡು ಬಸ್ಸು ಬದಲಿಸಿ ಹೋದೆ. ಅಂಗಳದಲ್ಲಿ ಚಪ್ಪರ, ಊಟಕ್ಕೆ ಬಾಳೆಲೆ ಹಾಕುವ ಗಡಿಬಿಡಿ. ಅಷ್ಟರಲ್ಲಿ, ಈಗ ಮುದಿಯಾಗಿದ್ದ ಯಜಮಾನರು ಕೋಲೂರಿಕೊಂಡು ಬಂದರು. ಅವರ ಹಿಂದೆ ಒಬ್ಬ ಆ ಬಿಲ್ಲನ್ನು ಹಿಡಿದುಕೊಂಡಿದ್ದ. ಸತ್ತವರ ಬಿಲ್ಲು ಬೇರೆಯವರ ಚಾವಡಿಯಲ್ಲಿ ಇರಬಾರದು ಎಂದು ಮನೆಗೆ ಒಪ್ಪಿಸಲು ತಂದಿದ್ದರು. ಎಂಟು ವರ್ಷ ತೊಲೆಯಲ್ಲಿ ನೇತಾಡಿದ ಬಿಲ್ಲಿಗೆ ಹೊಚ್ಚ ಹೊಸ ಹೆದೆ ಇತ್ತು.

ನಾನು ಎದ್ದು ನಿಂತೆ. ಅಲ್ಲಿದ್ದವರು ಪಂಡಿತರು ನಾಲ್ಕು ಮಾತು ಆಡುತ್ತಾರೆ ಎಂದುಕೊಂಡು ಸುಮ್ಮನಾದರು. ಅಭ್ಯಾಸ ಬಲ ನೋಡಿ, ನಾನು ಶುರುಮಾಡಿದ್ದು "ಮಾನವ ಜನ್ಮವೆಂಬುದು" ಎಂದು. ಯಜಮಾನರು ಕೈ ಎತ್ತಿದರು.

"ಸಂಗತಿ ಹೇಳಿ ಮಾಷ್ಟ್ರೇ."

"ಆ ಬಾಣ ನನ್ನದು," ಎಂದೆ.

ಭೂಮಿ ಬಾಯಿ ಬಿಡಲಿಲ್ಲ. ಯಾರೂ ಹೌಹಾರಲಿಲ್ಲ. ಬಾಳೆಲೆ ಹಾಕುತ್ತಿದ್ದವನು ಹಾಕುತ್ತಲೇ ಹೋದ. ಯಜಮಾನರು ತಲೆಯಾಡಿಸಿದರು.

"ಗೊತ್ತುಂಟು. ಆವತ್ತೇ ಗೊತ್ತಿತ್ತು, ಎಲ್ಲರಿಗೂ. ಅವರ ಕೈಯಲ್ಲಿ ಎಡ ಬಲ ಬೆರೆಸಿದ ಬಾಣ ಆಗ್ತದಾ ಮಾರಾಯ್ರೆ? ಆದ್ರೆ ಅವರು ನಂದು ಅಂತ ಹೇಳಿ ಆಯ್ತು. ಅಲ್ಲ ಅಂತ ಹೇಳ್ಬೇಕಾದವರು ನೀವೊಬ್ಬರೇ ಅಲ್ವಾ? ವರ್ಷ ವರ್ಷ ಕೆಡ್ಡಸಕ್ಕೆ ಮೊದಲು ನಾನು ಈ ಬಿಲ್ಲಿಗೆ ಹೊಸ ಹೆದೆ ಕಟ್ಟಿಸ್ತಾ ಇದ್ದೆ. ಈ ಸಲ ಮಾಷ್ಟ್ರು ಬಂದಾರು ಅಂತ."

ನಾನು ಮುನಿಯಾಗಿ, ಮಂತ್ರಿಯಾಗಿ ಧರ್ಮದ ಮಾತು ಹೇಳಿದಾಗಲೆಲ್ಲ ಎದುರು ಕುಳಿತು ತಲೆದೂಗಿದವರು ಈ ಊರಿನವರೇ. ಎಲ್ಲ ಗೊತ್ತಿದ್ದೂ ಕೂತು ಕೇಳಿದ್ದರು. ನನಗೆ ಅಳು ಬಂತು, ಎಲ್ಲರ ಎದುರೇ ಅತ್ತೆ. ಅಕ್ಕ ಬಂದು ಒಂದು ಚೊಂಬು ನೀರು ಕೊಟ್ಟರು.

"ಅಣ್ಣ ಏನಾದರೂ ಹೇಳ್ತಿದ್ರಾ ಅಕ್ಕ?"

"ಮಾಷ್ಟ್ರು ಹೇಳ್ತಾರೆ, ಸ್ವಲ್ಪ ತಡ ಆಗ್ತದೆ ಅಂತ ಹೇಳ್ತಿದ್ರು," ಎಂದರು. "ಮುಖ ತೊಳ್ಕೊಳ್ಳಿ, ಊಟ ಆಗ್ಲಿ. ನಿಮಗೊಂದು ಕೆಲಸ ಉಂಟು."

ಊಟವಾದ ಮೇಲೆ ಅಕ್ಕ ಬಿಸ್ಕತ್ತಿನ ಡಬ್ಬವೊಂದನ್ನು ತಂದು ನನ್ನ ಮುಂದೆ ಸುರಿದರು. ಅಣ್ಣ ಕಡೆಯ ದಿನಗಳಲ್ಲಿ ಕೂಡಿಸಿಟ್ಟ ಗರಿಗಳು, ಕಣ್ಣು ಮಂಜಾದ್ದರಿಂದ ಬೇರೆ ಮಾಡದೆ ಉಳಿದದ್ದು. ಊರಿನವರು ಕೇಳುತ್ತಿದ್ದಾರೆ, ಎಡದ್ದು ಬಲದ್ದು ವಿಂಗಡಿಸಿ ಕೊಡಿ ಎಂದರು. ನಾನು ಜಗಲಿಯಲ್ಲಿ ಚಕ್ಕಳಮಕ್ಕಳ ಕುಳಿತೆ. ಒಂದೊಂದನ್ನೂ ಅಂಗೈಯಲ್ಲಿ ಇಟ್ಟು, ಬಾಗು ನೋಡಿ, ಹಸಿವಿನ ಗೆರೆ ಉಂಟೇ ಎಂದು ಬಿಸಿಲಿಗೆ ಹಿಡಿದು, ಎರಡೆರಡು ಸಲ ಪರೀಕ್ಷೆ ಮಾಡಿ ಬೇರೆ ಬೇರೆ ಇಟ್ಟೆ. ಎಸ್ಸೆಸ್ಸೆಲ್ಸಿ ಪೇಪರನ್ನೂ ಅಷ್ಟು ಎಚ್ಚರದಿಂದ ನೋಡಿದವನಲ್ಲ. ಮುಗಿಸುವಾಗ ಬಸ್ಸಿನ ಹೊತ್ತಾಗಿತ್ತು.

ಅಕ್ಕ ಪಕ್ಕದಲ್ಲಿ ಕುಳಿತು ಎಡದ ರಾಶಿಯ ಮೇಲೆ ಬೆರಳಾಡಿಸಿದರು. ಒಂದು ಗರಿಯನ್ನು ಎತ್ತಿ, ಬಲದ ರಾಶಿಗೆ ಹಾಕಿದರು.

"ಪರ್ವಾಗಿಲ್ಲ ಮಾಷ್ಟ್ರೇ," ಎಂದರು. "ಐವತ್ತರಲ್ಲಿ ಒಂದು. ಆವತ್ತು ಮೂರರಲ್ಲಿ ಒಂದು ತಪ್ಪಿತ್ತು."